ಸ್ವದೇಶೀ ಉದ್ಯಮಕ್ಕೆ ದಾರಿ ತೋರಿದ ಜಮ್‌ಷೆಡ್‌ಜಿ ಟಾಟಾ

ಒಂದು ದೇಶವು ತನಗೆ ಬೇಕಾದ ವಸ್ತುಗಳನ್ನು ತಾನೇ ತಯಾರಿಸಿಕೊಳ್ಳಬೇಕೆಂದು ಹೇಳುವುದು ಸುಲಭ. ಸಭೆಗಳಲ್ಲಿ ಈ ಮಾತಿಗೆ ಚಪ್ಪಾಳೆಯೂ ಬೀಳುತ್ತದೆ. ಆದರೆ ಒಂದು ಗಜ ಬಟ್ಟೆಯಾಗಲಿ, ಒಂದು ರೈಲುಹಳಿಯಾಗಲಿ ನಮ್ಮ ನೆಲದಲ್ಲಿ ತಯಾರಾಗಿ, ಪರದೇಶದ ಮಾಲಿನ ಎದುರು ಮಾರುಕಟ್ಟೆಯಲ್ಲಿ ನಿಲ್ಲಬೇಕಾದರೆ ಅದರ ಹಿಂದೆ ಏನೇನು ಇರಬೇಕೆಂದು ವಿಚಾರಿಸುವವರು ಕಡಮೆ. ಭೂಮಿ, ಶ್ರಮ, ಬಂಡವಾಳ, ಸಂಘಟನೆ ಎಂಬ ಉತ್ಪತ್ತಿಯ ನಾಲ್ಕು ಅಂಗಗಳನ್ನು ಅರ್ಥಶಾಸ್ತ್ರದ ತರಗತಿಯಲ್ಲಿ ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ಆ ನಾಲ್ಕು ಪದಗಳಿಗಾಗಿ ಒಬ್ಬ ಮನುಷ್ಯ ಎಷ್ಟು ಅಲೆಯಬೇಕಾಯಿತೆಂಬುದನ್ನು ಅರಿಯಬೇಕಾದರೆ ಜಮ್‌ಷೆಡ್‌ಜಿ ನಸರ್ವಾನ್‌ಜಿ ಟಾಟಾ ಅವರ ಜೀವನವನ್ನು ನೋಡಬೇಕು. ಅವರ ಮನೆತನದ ಹೆಸರು ಇಂದು ಲಾರಿಯ ಮೇಲೂ ಇದೆ, ಉಪ್ಪಿನ ಪೊಟ್ಟಣದ ಮೇಲೂ ಇದೆ. ಹೆಸರು ಇಷ್ಟು ಬಳಕೆಯಾಗಿರುವುದರಿಂದಲೇ ಏನೋ, ಅದರ ಹಿಂದಿನ ಮನುಷ್ಯ ನಮ್ಮ ಕಣ್ಣಿಗೆ ಕಾಣದಾಗಿದ್ದಾರೆ.

ಜಮ್‌ಷೆಡ್‌ಜಿಯವರು ಹುಟ್ಟಿದ್ದು 1839ನೆಯ ಇಸವಿ ಮಾರ್ಚ್ 3ರಂದು, ಗುಜರಾತಿನ ನವಸಾರಿಯಲ್ಲಿ. ಅವರದು ತಲೆತಲಾಂತರದಿಂದ ಪೌರೋಹಿತ್ಯ ನಡೆಸಿಕೊಂಡು ಬಂದ ಪಾರಸೀ ಮನೆತನ. ತಂದೆ ನಸರ್ವಾನ್‌ಜಿ ಆ ವೃತ್ತಿಯನ್ನು ಬಿಟ್ಟು, ಮುಂಬಯಿಗೆ ಹೋಗಿ ವ್ಯಾಪಾರ ಹಿಡಿದರು. ಮಗನನ್ನೂ ಅಲ್ಲಿಗೆ ಕರೆಸಿಕೊಂಡು ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಓದಿಸಿದರು. 1858ರಲ್ಲಿ ಅವರ ವಿದ್ಯಾಭ್ಯಾಸ ಮುಗಿಯಿತು. ಆದರೆ ಕಾಲೇಜಿನಲ್ಲಿ ಹತ್ತಿದ ಓದಿನ ಹುಚ್ಚು ಕೊನೆಯವರೆಗೂ ಬಿಡಲಿಲ್ಲ. ಮುಂದೆ ಗಣಿಯ ವರದಿಯನ್ನಾಗಲಿ, ಹತ್ತಿಯ ಬೇಸಾಯದ ಪುಸ್ತಕವನ್ನಾಗಲಿ ಅವರು ವಿದ್ಯಾರ್ಥಿಯ ಶ್ರದ್ಧೆಯಿಂದಲೇ ಓದಿದರು. ಕಲಾವಿಭಾಗದಲ್ಲಿ ಓದಿದವರಿಗೆ ಉದ್ಯಮದ ಜಗತ್ತಿನಲ್ಲಿ ಸ್ಥಾನವಿಲ್ಲವೆಂದು ಕೊರಗುವ ಮಿತ್ರರು ನಮ್ಮಲ್ಲಿದ್ದಾರೆ. ಅವರು ಇದನ್ನು ಗಮನಿಸಬಹುದು.

1859ರಲ್ಲಿ ತಂದೆ ಅವರನ್ನು ಹಾಂಗ್‌ಕಾಂಗಿಗೆ ಕಳುಹಿಸಿದರು. ಆ ಕಾಲದ ಮುಂಬಯಿಯ ಅನೇಕ ವರ್ತಕರಂತೆ ಈ ಮನೆತನವೂ ಚೀನಾದೇಶಕ್ಕೆ ಹತ್ತಿಯೊಡನೆ ಅಫೀಮನ್ನೂ ಸಾಗಿಸುತ್ತಿತ್ತು. ದೊಡ್ಡವರ ಚರಿತ್ರೆಯನ್ನು ಬರೆಯುವಾಗ ಇಂಥ ಸಂಗತಿಯನ್ನು ಮುಚ್ಚಿಡುವುದು ಉಚಿತವಲ್ಲ. ಅಷ್ಟರಲ್ಲಿ, 1861ರಲ್ಲಿ, ಅಮೆರಿಕದ ಅಂತರ್ಯುದ್ಧ ಆರಂಭವಾಯಿತು. ಅಲ್ಲಿಂದ ಇಂಗ್ಲೆಂಡಿನ ಲ್ಯಾಂಕಾಷೈರ್ ಗಿರಣಿಗಳಿಗೆ ಹೋಗುತ್ತಿದ್ದ ಹತ್ತಿ ನಿಂತು, ನಮ್ಮ ದೇಶದ ಹತ್ತಿಗೆ ಹಿಂದೆಂದೂ ಕಾಣದ ಬೆಲೆ ಬಂದಿತು. ಮುಂಬಯಿಯಲ್ಲಿ ಹಣದ ಹೊಳೆಯೇ ಹರಿಯಿತು. 1865ರಲ್ಲಿ ಯುದ್ಧ ಮುಗಿದದ್ದೇ ತಡ, ಬೆಲೆ ಕುಸಿದು ಎಷ್ಟೋ ಮನೆತನಗಳು ದಿವಾಳಿಯಾದವು. ಆಗ ಇಂಗ್ಲೆಂಡಿನಲ್ಲಿದ್ದ ಜಮ್‌ಷೆಡ್‌ಜಿಯವರ ಕೈಯಲ್ಲಿದ್ದ ಹುಂಡಿಗಳು ಬರಿಯ ಕಾಗದವಾದವು. ಅವರು ತಲೆ ತಪ್ಪಿಸಿಕೊಳ್ಳದೆ ಸಾಲಗಾರರ ಮುಂದೆ ನಿಂತು ಇದ್ದ ಸ್ಥಿತಿಯನ್ನು ಹೇಳಿದರು. ಮುಂಬಯಿಯಲ್ಲಿ ತಂದೆ ಮನೆ ಮಾರಿ ಸಾಲ ತೀರಿಸಿದರು. ಕಚ್ಚಾ ಮಾಲನ್ನು ಮಾರಿ ಬದುಕುವ ದೇಶದ ಭಾಗ್ಯವು ಪರರ ಯುದ್ಧ, ಪರರ ಸಂಧಿಗಳನ್ನು ಅವಲಂಬಿಸಿರುತ್ತದೆಂಬ ಪಾಠವನ್ನು ಅವರು ಇಪ್ಪತ್ತಾರನೆಯ ವಯಸ್ಸಿನಲ್ಲಿಯೇ ಕಲಿತರು.

1868ರಲ್ಲಿ 21,000 ರೂಪಾಯಿಗಳ ಬಂಡವಾಳದಿಂದ ಅವರು ಸ್ವಂತ ವ್ಯಾಪಾರವನ್ನು ಆರಂಭಿಸಿದರು. ಮರುವರ್ಷ ಮುಂಬಯಿಯ ಚಿಂಚಪೋಕಳಿಯಲ್ಲಿ ಕೆಟ್ಟು ನಿಂತಿದ್ದ ಒಂದು ಎಣ್ಣೆ ಗಿರಣಿಯನ್ನು ಕೊಂಡು, ಅದನ್ನು ನೂಲಿನ ಗಿರಣಿಯಾಗಿ ಮಾರ್ಪಡಿಸಿದರು. ಎರಡು ವರ್ಷಗಳ ಮೇಲೆ ಲಾಭಕ್ಕೆ ಮಾರಿದರು. ಅನಂತರ ಲ್ಯಾಂಕಾಷೈರಿಗೆ ಹೋಗಿ ಅಲ್ಲಿನ ಗಿರಣಿಗಳನ್ನು ಕಣ್ಣಾರೆ ನೋಡಿ ಬಂದರು. ನಮ್ಮ ಹೊಲದ ಹತ್ತಿ ಆರು ಸಾವಿರ ಮೈಲಿ ಆಚೆ ಹೋಗಿ ನೂಲಾಗಿ, ಬಟ್ಟೆಯಾಗಿ, ಅಷ್ಟೇ ದೂರ ಹಿಂದಿರುಗಿ ನಮ್ಮವರಿಗೇ ಮಾರಾಟವಾಗುತ್ತಿತ್ತು. ನಡುವೆ ಹುಟ್ಟುವ ಕೂಲಿ, ಲಾಭ, ಹಡಗಿನ ಬಾಡಿಗೆ, ಕೌಶಲ ಎಲ್ಲವೂ ಪರದೇಶಕ್ಕೆ ಸೇರುತ್ತಿತ್ತು. ಇದನ್ನು ತಪ್ಪಿಸಬೇಕೆಂಬುದೇ ಅವರ ಮುಂದಿನ ಬಾಳಿನ ಉದ್ದೇಶವಾಯಿತು.

ಆಗ ಗಿರಣಿ ಹಾಕುವವರೆಲ್ಲ ಮುಂಬಯಿಯಲ್ಲಿಯೇ ಹಾಕುತ್ತಿದ್ದರು. ಜಮ್‌ಷೆಡ್‌ಜಿಯವರು ನಾಗಪುರವನ್ನು ಆರಿಸಿಕೊಂಡರು. ಸುತ್ತಲೂ ಹತ್ತಿಯ ಸೀಮೆ. ಸಮೀಪದ ವರೋರಾದಲ್ಲಿ ಕಲ್ಲಿದ್ದಲು. ಮಾಲು ಸಾಗಿಸಲು ರೈಲು. ಆದರೆ ಸಿಕ್ಕಿದ ನಿವೇಶನ ಜೌಗು ನೆಲ. ಹಳ್ಳವನ್ನು ಮಣ್ಣಿನಿಂದ ತುಂಬಿಸುತ್ತಿದ್ದುದನ್ನು ಕಂಡು ಊರಿನ ಒಬ್ಬ ಸಾಹುಕಾರ, ಇದು ಚಿನ್ನವನ್ನು ಹೂಳುವ ಕೆಲಸವೆಂದು ಹಣ ಹೂಡಲು ನಿರಾಕರಿಸಿದನಂತೆ. ಗಿರಣಿ ಲಾಭಾಂಶ ಹಂಚತೊಡಗಿದ ಮೇಲೆ ಆತ ತನ್ನ ಮಾತನ್ನು ಹಿಂತೆಗೆದುಕೊಂಡನೆಂದು ಹೇಳುತ್ತಾರೆ. 1877ರ ಜನವರಿ 1ರಂದು, ವಿಕ್ಟೋರಿಯಾ ರಾಣಿಯನ್ನು ಭಾರತದ ಚಕ್ರವರ್ತಿನಿಯೆಂದು ಸಾರಿದ ದಿನವೇ ಆ ಗಿರಣಿ ಆರಂಭವಾಯಿತು. ಅದಕ್ಕೆ ಎಂಪ್ರೆಸ್ ಗಿರಣಿಯೆಂಬ ಹೆಸರಾಯಿತು. ರೈಲ್ವೆಯ ಸರಕು ವಿಭಾಗದಲ್ಲಿದ್ದ, ನೂಲಿನ ಗಂಧವೇ ಇಲ್ಲದ ಬೆಜನ್‌ಜಿ ಮೆಹತಾ ಎಂಬವರನ್ನು ತಂದು ಅದರ ಆಡಳಿತಕ್ಕೆ ನಿಲ್ಲಿಸಿದರು. ಮನುಷ್ಯರನ್ನು ಗುರುತಿಸುವ ಈ ಶಕ್ತಿ ಅವರ ನಿಜವಾದ ಬಂಡವಾಳವೆಂದು ನನಗೆ ತೋರುತ್ತದೆ.

ಎಂಪ್ರೆಸ್ ಗಿರಣಿಯಲ್ಲಿ ಎರಡು ಹೊಸ ಕ್ರಮಗಳು ಬಂದವು. ಮೊದಲನೆಯದು ರಿಂಗ್ ಕದಿರು. ಅಮೆರಿಕದಲ್ಲಿ ಹುಟ್ಟಿದ ಈ ಯಂತ್ರವನ್ನು ಲ್ಯಾಂಕಾಷೈರಿನವರು ಇನ್ನೂ ಅನುಮಾನದಿಂದ ನೋಡುತ್ತಿದ್ದಾಗಲೇ ನಾಗಪುರದಲ್ಲಿ ಅದನ್ನು ಪರೀಕ್ಷಿಸಿ ಅಳವಡಿಸಿಕೊಂಡರು. ಎರಡನೆಯದು ಕೆಲಸಗಾರರ ವಿಷಯ. ಬಿಸಿಲು, ಹಬ್ಬ, ಮದುವೆಗಳೆಂದು ಜನ ಸರಿಯಾಗಿ ಕೆಲಸಕ್ಕೆ ಬರುತ್ತಿರಲಿಲ್ಲ. ಬೇರೆ ಮಾಲೀಕರಾಗಿದ್ದರೆ ಜುಲ್ಮಾನೆ ಹಾಕುತ್ತಿದ್ದರು. ಇವರು ಗಿರಣಿಯೊಳಗೆ ಗಾಳಿ ಆಡುವಂತೆ ಮಾಡಿದರು, ಬೆಂಕಿ ಆರಿಸುವ ನೀರಿನ ಕೊಳವೆಗಳನ್ನು ಹಾಕಿಸಿದರು, ಚೆನ್ನಾಗಿ ದುಡಿದವರಿಗೆ ಬಹುಮಾನ ಕೊಟ್ಟರು. 1886ರಲ್ಲಿ ನಿವೃತ್ತಿ ನಿಧಿಯನ್ನೂ 1895ರಲ್ಲಿ ಅಪಘಾತ ಪರಿಹಾರವನ್ನೂ ಏರ್ಪಡಿಸಿದರು. ಕಾನೂನು ಇವನ್ನು ಕೇಳುವುದಕ್ಕೆ ಎಷ್ಟೋ ವರ್ಷ ಮೊದಲಿನ ಮಾತಿದು. ಬಾಳಿನಲ್ಲಿ ಭದ್ರತೆಯಿರುವ ಕೈಯೇ ಯಂತ್ರದ ಮೇಲೆ ನಿಲ್ಲುತ್ತದೆಂಬ ಲೆಕ್ಕಾಚಾರ ಇದರಲ್ಲಿತ್ತು; ಕರುಣೆಯೂ ಇತ್ತು.

ಇಲ್ಲಿ ನನಗೊಂದು ಸಂದೇಹ ಬರುತ್ತದೆ. ಅದನ್ನು ಹೇಳದೆ ಮುಂದೆ ಹೋಗಲಾರೆ. ನಮ್ಮದು ನೇಕಾರರ ಮನೆ. ಕೈಮಗ್ಗದ ಕಸುಬು ನಮ್ಮ ಅಜ್ಜನ ಕಾಲಕ್ಕೇ ಸೊರಗಿತ್ತು. ಗಿರಣಿಯು ಮ್ಯಾಂಚೆಸ್ಟರಿನಲ್ಲಿದ್ದರೇನು, ನಾಗಪುರದಲ್ಲಿದ್ದರೇನು, ಕೈಯಿಂದ ನೂಲುವವರಿಗೆ ಎರಡೂ ಒಂದೇ ಅಲ್ಲವೆ? ದೇಶದಲ್ಲಿಯೇ ತಯಾರಿಸುವುದೆಂದರೆ ಅದು ಯಾರ ಕೈಯ ತಯಾರಿಕೆ? ಓದುತ್ತ ಹೋದಂತೆ ಇದಕ್ಕೆ ಅರ್ಧ ಉತ್ತರ ದೊರೆಯಿತು. ರಾಟೆಯ ನೂಲು ಆಗಲೇ ಇಂಗ್ಲೆಂಡಿನ ಯಂತ್ರದ ನೂಲಿನ ಮುಂದೆ ಸೋತಿತ್ತು. ನಮ್ಮ ಗಿರಣಿಗಳು ನೂತ ನೂಲಿನಲ್ಲಿ ಒಂದು ಪಾಲು ಚೀನಾಕ್ಕೆ ಹೋದರೆ ಮತ್ತೊಂದು ಪಾಲು ನಮ್ಮ ಕೈಮಗ್ಗಗಳಿಗೇ ಬರುತ್ತಿತ್ತು. ಸ್ವದೇಶದ ನೂಲಿನ ಲಡಿ ನೇಕಾರನ ಮಗ್ಗವನ್ನು ಕೆಲವು ಕಾಲ ಉಳಿಸಿತು. ಅದೇ ಗಿರಣಿಯ ಬಟ್ಟೆ ಅದೇ ನೇಕಾರನಿಗೆ ಪೈಪೋಟಿಯೂ ಆಯಿತು. ಉತ್ತರದ ಇನ್ನರ್ಧ ಇಂದಿಗೂ ದೊರೆತಿಲ್ಲ. ಸ್ವದೇಶೀ ಉದ್ಯಮದ ಲಾಭವನ್ನು ಎಣಿಸುವಾಗ ಅದು ಯಾರ ಕಸುಬನ್ನು ಕಸಿದುಕೊಂಡಿತೆಂಬುದನ್ನೂ ಅದೇ ಪುಟದಲ್ಲಿ ಬರೆಯಬೇಕೆಂದಷ್ಟೇ ಹೇಳುತ್ತೇನೆ.

1886ರಲ್ಲಿ ಜಮ್‌ಷೆಡ್‌ಜಿಯವರು ಮುಂಬಯಿಯ ಕುರ್ಲಾದಲ್ಲಿ ಧರಮ್‌ಸೀ ಗಿರಣಿಯನ್ನು ಹನ್ನೆರಡೂವರೆ ಲಕ್ಷ ರೂಪಾಯಿಗೆ ಕೊಂಡು, ಅದಕ್ಕೆ ಸ್ವದೇಶೀ ಗಿರಣಿಯೆಂದು ಹೆಸರಿಟ್ಟರು. ವಂಗಭಂಗದ ಚಳವಳಿಗೆ ಇನ್ನೂ ಹತ್ತೊಂಬತ್ತು ವರ್ಷಗಳಿದ್ದವು. ಇಂಗ್ಲೆಂಡಿನಿಂದ ಬರುತ್ತಿದ್ದಂಥ ನಯವಾದ ನೂಲನ್ನೂ ಬಟ್ಟೆಯನ್ನೂ ಇಲ್ಲಿಯೇ ತಯಾರಿಸಬೇಕೆಂಬುದು ಅವರ ಆಸೆ. ಆದರೆ ಹೆಸರು ಎಷ್ಟು ಒಳ್ಳೆಯದಾಗಿತ್ತೋ ಯಂತ್ರಗಳು ಅಷ್ಟೇ ಹಳೆಯವಾಗಿದ್ದವು. ಚೀನಾಕ್ಕೆ ಕಳುಹಿಸಿದ ನೂಲು ಚೆನ್ನಾಗಿಲ್ಲವೆಂದು ಹಿಂದಕ್ಕೆ ಬಂದಿತು. ಷೇರುಗಳ ಬೆಲೆ ಕುಸಿಯಿತು. ಟಾಟಾ ಎಂಬ ಹೆಸರಿಗೇ ಕುಂದು ಬರುವ ಸಮಯ. ಅವರು ತಮ್ಮ ಎಂಪ್ರೆಸ್ ಷೇರುಗಳಲ್ಲಿ ಕೆಲವನ್ನು ಮಾರಿ ಹಣ ಸುರಿದರು. ನಾಗಪುರದಿಂದ ಅನುಭವಿಗಳನ್ನು ಕರೆತಂದರು. ಕೆಟ್ಟ ಯಂತ್ರಗಳನ್ನು ಕಿತ್ತೊಗೆದರು. ಕೆಲವು ವರ್ಷಗಳಲ್ಲಿ ಅದೇ ಗಿರಣಿಯ ನೂಲಿಗೆ ಪೂರ್ವದೇಶಗಳ ಪೇಟೆಯಲ್ಲಿ ಒಳ್ಳೆಯ ಹೆಸರು ಬಂದಿತು. ಸ್ವದೇಶೀ ಎಂಬ ಚೀಟಿಯನ್ನು ಅಂಟಿಸಿದ ಮಾತ್ರಕ್ಕೆ ಗಿರಾಕಿ ಕೊಳ್ಳುವುದಿಲ್ಲ. ಚೀನಾದ ನೇಕಾರನಿಗೆ ಬೇಕಾಗಿದ್ದುದು ಹರಿಯದ ನೂಲು. ನಮ್ಮ ದೇಶಾಭಿಮಾನದಿಂದ ಅವನಿಗೇನು ಆಗಬೇಕು?

ನೂಲು ಒಳ್ಳೆಯದಾದ ಮೇಲೆ ಹಡಗಿನ ತೊಂದರೆ ಎದುರಾಯಿತು. ಪೂರ್ವಕ್ಕೆ ಮಾಲು ಸಾಗಿಸುವ ಐರೋಪ್ಯ ಹಡಗಿನ ಕಂಪನಿಗಳು ಒಂದಾಗಿ ಬಾಡಿಗೆಯನ್ನು ಮನಬಂದಂತೆ ಏರಿಸಿದ್ದವು. ಜಮ್‌ಷೆಡ್‌ಜಿಯವರು 1893ರಲ್ಲಿ ಜಪಾನಿಗೆ ಹೋಗಿ, ಅಲ್ಲಿನ ನಿಪ್ಪೋನ್ ಯೂಸೆನ್ ಕೈಷಾ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡು ಟಾಟಾ ಲೈನ್ ಎಂಬ ಹಡಗಿನ ಮಾರ್ಗವನ್ನು ತೆರೆದರು. ಟನ್ನಿಗೆ 19 ರೂಪಾಯಿವರೆಗೆ ಇದ್ದ ಬಾಡಿಗೆ 12ಕ್ಕೆ ಇಳಿಯಿತು. ಆಗ ಪಿ. ಅಂಡ್ ಓ. ಕಂಪನಿ ತನ್ನ ದರವನ್ನು ಟನ್ನಿಗೆ ಎರಡು ರೂಪಾಯಿಯ ಆಸುಪಾಸಿಗೆ ತಂದು, ಟಾಟಾ ಹಡಗಿಗೆ ಮಾಲು ಕೊಡದವರಿಗೆ ವಿಶೇಷ ರಿಯಾಯಿತಿ ಕೊಟ್ಟಿತು. ಮೊದಲು ಉತ್ಸಾಹ ತೋರಿದ ನಮ್ಮ ವರ್ತಕರೇ ಕಡಮೆ ಬಾಡಿಗೆಯ ಆಸೆಗೆ ಆ ಕಡೆ ವಾಲಿದರು. ಲಕ್ಷಕ್ಕೂ ಹೆಚ್ಚು ರೂಪಾಯಿ ನಷ್ಟ ಅನುಭವಿಸಿ ಟಾಟಾ ಲೈನ್ ನಿಂತುಹೋಯಿತು. ಈ ಸೋಲಿನಲ್ಲಿ ಪರಕೀಯರ ಕೈವಾಡವೆಷ್ಟೋ ನಮ್ಮವರ ದೂರದೃಷ್ಟಿಯ ಅಭಾವವೂ ಅಷ್ಟೇ ಇದೆ.

ಅದರ ಬೆನ್ನಿಗೇ ಸುಂಕದ ಪೆಟ್ಟು ಬಿದ್ದಿತು. 1896ರಲ್ಲಿ ಸರ್ಕಾರವು ಪರದೇಶದ ಬಟ್ಟೆಯ ಮೇಲಿನ ಆಮದು ಸುಂಕವನ್ನು ಶೇಕಡಾ ಮೂರೂವರೆಗೆ ಇಳಿಸಿ, ಭಾರತದ ಗಿರಣಿಯ ಬಟ್ಟೆಯ ಮೇಲೂ ಅಷ್ಟೇ ಎಕ್ಸೈಸ್ ಸುಂಕವನ್ನು ಹೇರಿತು. ತನ್ನ ನೆಲದಲ್ಲಿ ತಯಾರಾದ ಮಾಲು ಪರಮಾಲಿಗಿಂತ ಅಗ್ಗವಾಗಕೂಡದೆಂದು ಒಂದು ಸರ್ಕಾರವೇ ಕಾಯ್ದೆ ಮಾಡಿದ ವಿಚಿತ್ರವಿದು. ಲ್ಯಾಂಕಾಷೈರಿನ ಒತ್ತಾಯವೇ ಇದಕ್ಕೆ ಕಾರಣ. ಜಮ್‌ಷೆಡ್‌ಜಿಯವರು ಭಾಷಣ ಮಾಡುವವರಲ್ಲ. ಅಂಕಿಅಂಶಗಳನ್ನು ಕಲೆಹಾಕಿ ಅದರ ಅನ್ಯಾಯವನ್ನು ತೋರಿಸಿಕೊಟ್ಟರು. ಆದರೆ ಈ ಸುಂಕ ರದ್ದಾದದ್ದು 1926ರಲ್ಲಿ, ಅವರು ತೀರಿಹೋಗಿ ಇಪ್ಪತ್ತೆರಡು ವರ್ಷಗಳಾದ ಮೇಲೆ.

ಇಷ್ಟು ಪೆಟ್ಟುಗಳ ಅನಂತರ ಒಬ್ಬ ಸಾಧಾರಣ ಮನುಷ್ಯ ಇರುವ ಲಾಭದಲ್ಲಿ ತೃಪ್ತನಾಗಿ ಕುಳಿತುಬಿಡುತ್ತಿದ್ದ. ಇವರು ಇನ್ನೂ ಬುಡಕ್ಕೆ ಹೋದರು. ಬಟ್ಟೆ ತಯಾರಿಸಲು ಯಂತ್ರ ಬೇಕು. ಯಂತ್ರಕ್ಕೆ ಉಕ್ಕು ಬೇಕು. ಅದನ್ನು ನಡೆಸಲು ಅಗ್ಗದ ಶಕ್ತಿ ಬೇಕು. ಇವೆಲ್ಲವನ್ನೂ ಅರಿತ ವಿಜ್ಞಾನಿಗಳು ಬೇಕು. ಈ ಮೂರನ್ನೂ ಪರದೇಶದಿಂದ ತರುವವರೆಗೆ ನಮ್ಮ ತಯಾರಿಕೆ ಅರ್ಧ ತಯಾರಿಕೆಯೇ. ಆದ್ದರಿಂದ ಉಕ್ಕಿನ ಕಾರ್ಖಾನೆ, ಜಲವಿದ್ಯುತ್ತು, ವಿಜ್ಞಾನ ಸಂಸ್ಥೆ ಇವು ಮೂರೂ ಅವರ ಕೊನೆಯ ವರ್ಷಗಳ ಧ್ಯಾನವಾದವು.

ವಿಜ್ಞಾನ ಸಂಸ್ಥೆಯ ಕಥೆ ನಮ್ಮ ನಾಡಿಗೆ ಸೇರಿದ್ದು. 1898ರಲ್ಲಿ ಅವರು ಸುಮಾರು ಮೂವತ್ತು ಲಕ್ಷ ರೂಪಾಯಿ ಬೆಲೆಬಾಳುವ ತಮ್ಮ ಆಸ್ತಿಯನ್ನು ಇದಕ್ಕಾಗಿ ತೆಗೆದಿಟ್ಟರು. ಜಪಾನಿನಿಂದ ಅಮೆರಿಕಕ್ಕೆ ಹೋಗುವಾಗ ಹಡಗಿನಲ್ಲಿ ಭೇಟಿಯಾಗಿದ್ದ ಸ್ವಾಮಿ ವಿವೇಕಾನಂದರಿಗೂ ಆ ವರ್ಷವೇ ಈ ವಿಷಯವಾಗಿ ಪತ್ರ ಬರೆದರು. ಇಷ್ಟೊಂದು ವಿದ್ಯಾರ್ಥಿಗಳು ಎಲ್ಲಿಂದ ಬರುತ್ತಾರೆ, ಕಲಿತವರಿಗೆ ಕೆಲಸವೆಲ್ಲಿ ಎಂದು ಸರ್ಕಾರ ಸಂದೇಹಪಟ್ಟು ವರ್ಷಗಟ್ಟಲೆ ತಡಮಾಡಿತು. ಪರಿಶೀಲನೆಗೆ ಬಂದ ವಿಲಿಯಂ ರ್‍ಯಾಮ್ಸೆ ಎಂಬ ರಸಾಯನ ವಿಜ್ಞಾನಿ ಬೆಂಗಳೂರೇ ತಕ್ಕ ಸ್ಥಳವೆಂದು ಸೂಚಿಸಿದರು. ಮೈಸೂರು ಸಂಸ್ಥಾನವು 371 ಎಕರೆ ಭೂಮಿಯನ್ನು ಕೊಟ್ಟಿತು. 1909ರಲ್ಲಿ ಸಂಸ್ಥೆಗೆ ಸರ್ಕಾರದ ಆಜ್ಞೆ ದೊರೆತು, 1911ರಲ್ಲಿ ವಿದ್ಯಾರ್ಥಿಗಳು ಸೇರಿದರು. ಜನರು ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಭಾರತೀಯ ವಿಜ್ಞಾನ ಮಂದಿರ ಇದೇ. ಅದಕ್ಕೂ ಮೊದಲೇ ಬೆಂಗಳೂರಿನಲ್ಲಿ ಜಪಾನಿನ ತಜ್ಞರನ್ನು ಕರೆಸಿ ಅವರು ರೇಷ್ಮೆ ಸಾಕಣೆಯ ಒಂದು ತೋಟವನ್ನೂ ಸ್ಥಾಪಿಸಿದ್ದರು. ಟಾಟಾ ಸಿಲ್ಕ್ ಫಾರಂ ಎಂಬ ಹೆಸರು ಬಸವನಗುಡಿಯ ಕಡೆ ಇಂದಿಗೂ ಉಳಿದಿದೆ.

ಇಂಥ ಸಂಸ್ಥೆಯಿಂದ ತಯಾರಿಕೆಗೆ ಏನು ಪ್ರಯೋಜನವೆಂದು ಕೇಳುವವರಿಗೆ ಶ್ರೀಗಂಧವೇ ಉತ್ತರ ಹೇಳುತ್ತದೆ. ಮೈಸೂರಿನ ಗಂಧದ ಮರ ಹಿಂದೆ ತುಂಡುತುಂಡಾಗಿ ಜರ್ಮನಿಗೆ ಹೋಗಿ, ಅಲ್ಲಿ ಎಣ್ಣೆಯಾಗುತ್ತಿತ್ತು. 1914ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾಗಿ ಆ ವ್ಯಾಪಾರ ನಿಂತಿತು. ಆಗ ಎಣ್ಣೆ ಬಟ್ಟಿಯಿಳಿಸುವ ಪ್ರಯೋಗ ನಡೆದದ್ದು ಈ ವಿಜ್ಞಾನ ಮಂದಿರದ ಪ್ರಯೋಗಶಾಲೆಯಲ್ಲಿ. 1916ರಲ್ಲಿ ಮೈಸೂರು ಸರ್ಕಾರದ ಗಂಧದೆಣ್ಣೆಯ ಕಾರ್ಖಾನೆ ಆರಂಭವಾಯಿತು. ಎರಡು ವರ್ಷಗಳಲ್ಲಿ ಸಾಬೂನೂ ಬಂದಿತು. ನಮ್ಮ ಕಾಡಿನ ಮರಕ್ಕೆ ನಮ್ಮಲ್ಲಿಯೇ ಬೆಲೆ ಕೂಡಿತು.

ಉಕ್ಕಿನ ಕಥೆ ಇದಕ್ಕಿಂತ ದೀರ್ಘವಾದುದು. 1882ರಲ್ಲಿ ಚಾಂದಾ ಜಿಲ್ಲೆಯ ಕಬ್ಬಿಣದ ಅದಿರಿನ ಬಗ್ಗೆ ಒಬ್ಬ ಜರ್ಮನ್ ತಜ್ಞ ಬರೆದ ವರದಿ ಅವರ ಕೈಗೆ ಬಂದಿತು. ವರೋರಾದ ಕಲ್ಲಿದ್ದಲನ್ನು ಜರ್ಮನಿಯಲ್ಲಿ ಪರೀಕ್ಷೆ ಮಾಡಿಸಿದಾಗ, ಊದುಕುಲುಮೆಗೆ ಅದು ತಕ್ಕುದಲ್ಲವೆಂದು ತಿಳಿಯಿತು. ಗಣಿ ಶೋಧನೆಯ ನಿಯಮಗಳೂ ಆಗ ಬಹಳ ಕಟ್ಟುನಿಟ್ಟು. ಹದಿನೇಳು ವರ್ಷ ಕಾದರು. 1899ರಲ್ಲಿ ಲಾರ್ಡ್ ಕರ್ಜನ್ನರ ಸರ್ಕಾರ ನಿಯಮಗಳನ್ನು ಸಡಿಲಿಸಿದ ಮೇಲೆ ಮತ್ತೆ ಕೆಲಸಕ್ಕೆ ಕೈಹಚ್ಚಿದರು. 1902ರಲ್ಲಿ, ಅರುವತ್ತಮೂರನೆಯ ವಯಸ್ಸಿನಲ್ಲಿ, ದೇಹಾರೋಗ್ಯ ಕುಗ್ಗಿದ್ದರೂ ಅಮೆರಿಕಕ್ಕೆ ಹೋಗಿ ಉಕ್ಕಿನ ಕಾರ್ಖಾನೆಗಳನ್ನು ಸುತ್ತಿದರು. ಚಾರ್ಲ್ಸ್ ಪೇಜ್ ಪೆರಿನ್ ಎಂಬ ಎಂಜಿನಿಯರನ್ನು ಒಪ್ಪಿಸಿದರು. ಅದಿರು ಎಲ್ಲಿದೆಯೆಂಬುದೇ ಇನ್ನೂ ಖಚಿತವಾಗಿರಲಿಲ್ಲ. ಆದರೆ ಆ ವರ್ಷವೇ ಮಗ ದೊರಾಬ್‌ಜಿಗೆ ಕಾರ್ಖಾನೆಯ ಊರು ಹೇಗಿರಬೇಕೆಂದು ಬರೆದಿದ್ದರು. ಬೀದಿಗಳು ಅಗಲವಾಗಿರಬೇಕು, ನೆರಳಿನ ಮರಗಳಿರಬೇಕು, ಆಟದ ಬಯಲುಗಳಿರಬೇಕು, ಎಲ್ಲ ಮತದವರಿಗೂ ಪೂಜಾಸ್ಥಳಗಳಿರಬೇಕು ಎಂಬುದು ಅದರ ಸಾರಾಂಶ.

1904ರ ಮೇ 19ರಂದು ಜರ್ಮನಿಯ ಬಾಡ್ ನೌಹೈಮಿನಲ್ಲಿ ಜಮ್‌ಷೆಡ್‌ಜಿಯವರು ಕಾಲವಾದರು. ಅವರ ಸಮಾಧಿ ಇಂಗ್ಲೆಂಡಿನ ಬ್ರುಕ್‌ವುಡ್ಡಿನಲ್ಲಿದೆ. ಉಕ್ಕು, ವಿದ್ಯುತ್ತು, ವಿಜ್ಞಾನ ಸಂಸ್ಥೆ ಈ ಮೂರರಲ್ಲಿ ಒಂದನ್ನೂ ಅವರು ಕಣ್ಣಿನಿಂದ ನೋಡಲಿಲ್ಲ.

ಮುಂದಿನ ಕೆಲಸವನ್ನು ದೊರಾಬ್‌ಜಿಯವರು ವಹಿಸಿಕೊಂಡರು. ಭೂಗರ್ಭಶಾಸ್ತ್ರಜ್ಞ ಪ್ರಮಥನಾಥ ಬೋಸರು 1904ರಲ್ಲಿ ಬರೆದಿದ್ದ ಪತ್ರದ ಜಾಡು ಹಿಡಿದು, ಒಡಿಶಾದ ಮಯೂರಭಂಜದ ಗೊರುಮಹಿಸಾನಿ ಬೆಟ್ಟದಲ್ಲಿ ಅದಿರು ದೊರೆಯಿತು. ಝರಿಯಾದ ಕಲ್ಲಿದ್ದಲೂ ಸುವರ್ಣರೇಖಾ, ಖರಕಾಯಿ ನದಿಗಳ ನೀರೂ ಕೂಡುವ ಸಾಕ್ಚಿ ಗ್ರಾಮವನ್ನು ಕಾರ್ಖಾನೆಗೆ ಆರಿಸಿದರು. ಲಂಡನ್ನಿನಲ್ಲಿ ಬಂಡವಾಳ ಹುಟ್ಟಲಿಲ್ಲ. 1907ರಲ್ಲಿ ಮುಂಬಯಿಯಲ್ಲಿ ಷೇರುಗಳನ್ನು ತೆರೆದಾಗ ಮೂರೇ ವಾರಗಳಲ್ಲಿ ಸುಮಾರು ಎಂಟು ಸಾವಿರ ಮಂದಿ ಭಾರತೀಯರು 16 ಲಕ್ಷ 30 ಸಾವಿರ ಪೌಂಡುಗಳನ್ನು ತಂದುಕೊಟ್ಟರು. ಹಡಗಿನ ಕಾಲದಲ್ಲಿ ಕೈಬಿಟ್ಟ ಜನವೇ ಈಗ ಕೈಹಿಡಿದರು. ನಡುವೆ ಸ್ವದೇಶೀ ಚಳವಳಿ ದೇಶವನ್ನು ಎಚ್ಚರಿಸಿತ್ತು. 1911ರ ಡಿಸೆಂಬರಿನಲ್ಲಿ ಕಬ್ಬಿಣವೂ 1912ರ ಫೆಬ್ರವರಿಯಲ್ಲಿ ಉಕ್ಕೂ ಹೊರಬಂದವು. ಮಹಾಯುದ್ಧದಲ್ಲಿ ಮೆಸೊಪೊಟೇಮಿಯ ಮೊದಲಾದ ಕಡೆಗಳಿಗೆ ಸುಮಾರು 1,500 ಮೈಲಿ ಉದ್ದದ ಹಳಿಗಳು ಇಲ್ಲಿಂದ ಹೋದವು. 1919ರಲ್ಲಿ ಸಾಕ್ಚಿಗೆ ಜಮ್‌ಷೆಡ್‌ಪುರವೆಂಬ ಹೆಸರಾಯಿತು. ಪಶ್ಚಿಮಘಟ್ಟದ ಮಳೆನೀರಿನಿಂದ ಹುಟ್ಟಿದ ವಿದ್ಯುತ್ತು 1915ರಲ್ಲಿ ಮುಂಬಯಿಯ ಗಿರಣಿಗಳನ್ನು ತಲಪಿತ್ತು.

ಆದರೆ ಉಕ್ಕಿಗೂ ಕಷ್ಟದ ದಿನ ಬಂದಿತು. ಯುದ್ಧ ಮುಗಿದ ಮೇಲೆ ಬೆಲ್ಜಿಯಂ ಮೊದಲಾದ ದೇಶಗಳ ಉಕ್ಕು ಅಗ್ಗದ ಬೆಲೆಗೆ ಬಂದು ಸುರಿಯಿತು. ಸಂಬಳ ಕೊಡಲು ಹಣವಿಲ್ಲದಾದಾಗ ದೊರಾಬ್‌ಜಿಯವರು ತಮ್ಮ ಆಸ್ತಿಯನ್ನೂ ಪತ್ನಿಯ ಒಡವೆಗಳನ್ನೂ ಅಡವಿಟ್ಟು ಬ್ಯಾಂಕಿನಿಂದ ಒಂದು ಕೋಟಿ ಸಾಲ ತಂದರು. 1924ರಲ್ಲಿ ಸರ್ಕಾರ ರಕ್ಷಣಾ ಸುಂಕದ ಕಾಯ್ದೆಯನ್ನು ಮಾಡಿತು. ರಕ್ಷಣಾ ಸುಂಕವೆಂದರೆ ಕೊಳ್ಳುವವನು ಹೆಚ್ಚು ಬೆಲೆ ತೆರುವುದು. ರೈತನ ಗುದ್ದಲಿಗೂ ಅದು ತಟ್ಟುತ್ತದೆ. ಸಾಕ್ಚಿಯ ಸುತ್ತಣ ಹಳ್ಳಿಗಳಲ್ಲಿದ್ದ ಆದಿವಾಸಿಗಳು ಭೂಮಿಯನ್ನೇ ಬೆಲೆಯಾಗಿ ತೆತ್ತರು. ಇಷ್ಟು ಜನ ಕೊಟ್ಟ ಸಾಲವೇ ಸ್ವದೇಶೀ ಉದ್ಯಮದ ಮೊದಲ ಬಂಡವಾಳ. ಆ ಸಾಲಕ್ಕೆ ಒಳ್ಳೆಯ ಮಾಲಿನ ರೂಪದಲ್ಲಿ, ಕೆಲಸದ ರೂಪದಲ್ಲಿ, ಕಲಿತ ಕೈಗಳ ರೂಪದಲ್ಲಿ ಬಡ್ಡಿ ಸಲ್ಲಬೇಕು. ಮೊದಲಲ್ಲಿ ಜಮ್‌ಷೆಡ್‌ಪುರದ ಕುಲುಮೆಗಳ ಮುಂದೆ ನಿಂತವರು ಅಮೆರಿಕದವರು, ಜರ್ಮನರು, ಇಂಗ್ಲಿಷರು. 1921ರಲ್ಲಿ ಅಲ್ಲಿ ತಾಂತ್ರಿಕ ಶಾಲೆ ತೆರೆದು, ಕ್ರಮೇಣ ನಮ್ಮವರೇ ಆ ಸ್ಥಾನಗಳಿಗೆ ಬಂದರು. ಈ ಬಡ್ಡಿ ಸಂದುದರಿಂದಲೇ ಉಕ್ಕಿನ ರಕ್ಷಣೆ ಸಾರ್ಥಕವಾಯಿತು.

ಎಂಪ್ರೆಸ್ ಗಿರಣಿಯೂ ಸ್ವದೇಶೀ ಗಿರಣಿಯೂ ಇಂದು ಇಲ್ಲ, ಎರಡೂ ಮುಚ್ಚಿಹೋಗಿವೆ. ಉಕ್ಕಿನ ಊರೂ ಬೆಂಗಳೂರಿನ ವಿಜ್ಞಾನ ಮಂದಿರವೂ ಉಳಿದಿವೆ. ವಸ್ತುವನ್ನು ತಯಾರಿಸುವ ಸ್ಥಳ ಬರಬಹುದು, ಹೋಗಬಹುದು. ತಯಾರಿಸುವ ವಿದ್ಯೆ ದೇಶದಲ್ಲಿ ನಿಂತರೆ ಹೊಸ ಸ್ಥಳಗಳು ಹುಟ್ಟುತ್ತವೆ. ಈ ವಿವೇಕ ಜಮ್‌ಷೆಡ್‌ಜಿಯವರಿಗೆ ಓದಿನಿಂದಲೂ ಸೋಲಿನಿಂದಲೂ ಬಂದುದು. ಈ ವರ್ಷ ಪದವಿ ಪಡೆದು ಹೊರಡುವ ನಾವು ಎಲ್ಲರೂ ಕಾರ್ಖಾನೆ ಕಟ್ಟಲಾರೆವು. ಆದರೆ ಗುಮಾಸ್ತರಾಗಿಯೋ, ಉಪಾಧ್ಯಾಯರಾಗಿಯೋ, ವರ್ತಕರಾಗಿಯೋ ನಾವು ಮಾಡುವ ಕೆಲಸವು ಚೀನಾದಿಂದ ಹಿಂದಿರುಗಿದ ನೂಲಿನಂತೆ ಮರಳಿ ಬಾರದ ಹಾಗೆ ನೋಡಿಕೊಳ್ಳುವುದು ನಮ್ಮ ಕೈಯಲ್ಲಿದೆ.